ಜವಾರಿ ಗುಲಾಬಿಯ ಹುಟ್ಟೂರು

ರೋಣ, ನರಗುಂದ, ಗಜೇಂದ್ರಗಡಗಳ ಹೆಸರೆತ್ತಿದರೆ ಬಿಳಿಜೋಳ, ಹತ್ತಿ, ಕಡಲೆ ಕಣ್ಣಮುಂದೆ ಬರುತ್ತವೆ, ಗುಲಾಬಿ ಬರುವುದಿಲ್ಲ. ವರ್ಷಕ್ಕೆ ಹೆಚ್ಚು ಕಡಿಮೆ 600 ಮಿಲಿಮೀಟರ್ ಮಳೆ, ಅದೂ ಬಂದರೆ ಬಂತು. ಆದರೂ ಈ ಊರುಗಳ ಓಣಿಗಳಲ್ಲಿ ಅಡ್ಡಾಡುವಾಗ ಅಲ್ಲಲ್ಲಿ ಹಿತ್ತಿಲ ಮೂಲೆಯಲ್ಲಿ ಆಳೆತ್ತರದ ಗುಲಾಬಿ ಪೊದೆಗಳನ್ನು ನಾನು ಕಂಡಿದ್ದೇನೆ. ತಿಳಿಗೆಂಪು ಬಣ್ಣ, ಸಡಿಲವಾದ ಎಸಳು, ಘಮ್ಮೆನ್ನುವ ವಾಸನೆ. ಯಾವ ಜಾತಿಯೆಂದು ಕೇಳಿದರೆ ಮನೆಯ ಹಿರಿಯಳು, "ಜವಾರಿ ಐತ್ರಿ, ನಮ್ಮದ" ಎನ್ನುತ್ತಾಳೆ.

ಈ 'ಜವಾರಿ' ಎಂಬ ಮಾತನ್ನು ತುಸು ಕೆದಕಿ ನೋಡಬೇಕೆಂದು ನನಗೆ ಬಹಳ ದಿನಗಳ ಆಸೆ.

ಹೆಸರಿನಿಂದಲೇ ತೊಡಗೋಣ. ಪಾರಸಿಯಲ್ಲಿ ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ಹೂವಿನ ನೀರಿಗಿದ್ದ ಹೆಸರು ನಮ್ಮಲ್ಲಿ ಹೂವಿಗೇ ಅಂಟಿಕೊಂಡಿತು. ಆದಿಲಶಾಹಿ ಆಳಿಕೆಯಲ್ಲಿ ಪಾರಸಿ ಮಾತುಗಳು ಕಚೇರಿಯಿಂದ ಅಡಿಗೆಮನೆಯವರೆಗೆ ಹೊಕ್ಕ ಸೀಮೆ ಇದು, ಆಶ್ಚರ್ಯವೇನೂ ಇಲ್ಲ.

ಗಿಡದ ಕಥೆ ಇನ್ನೂ ದೂರದ್ದು. ಟಿಪ್ಪುವಿಗೂ ಮರಾಠರಿಗೂ ಗಜೇಂದ್ರಗಡದ ಒಪ್ಪಂದವಾದದ್ದು 1787ರಲ್ಲಿ. ಅದೇ ವರ್ಷ ಈಸ್ಟ್ ಇಂಡಿಯಾ ಕಂಪನಿ ಕಲ್ಕತ್ತೆಯ ಬಳಿ ಹೂಗ್ಲಿ ದಂಡೆಯಲ್ಲಿ ಸಸ್ಯೋದ್ಯಾನವೊಂದನ್ನು ತೆರೆಯಿತು. ಚೀನಾದ ಗುಲಾಬಿಗಳಲ್ಲಿ ಕೆಲವು ಈ ತೋಟವನ್ನು ಹಾಯ್ದು ಯುರೋಪು ಸೇರಿದವು. ಯುರೋಪಿನ ಗುಲಾಬಿಗಳು ಬಹುಮಟ್ಟಿಗೆ ವರ್ಷಕ್ಕೊಮ್ಮೆ ಹೂಬಿಟ್ಟು ಸುಮ್ಮನಾಗುವಂಥವು. ಚೀನಾದವು ತಿಂಗಳು ತಿಂಗಳೂ ಬಿಡುವಂಥವು. ಇವೆರಡರ ಬೆರಕೆಯೇ ಇಂದಿನ ಗುಲಾಬಿಗಳ ಅಡಿಪಾಯ.

ಆ ಬೆರಕೆಗಳಲ್ಲಿ ಒಂದು ಹುಟ್ಟಿದ್ದು ಬೇಲಿಯಲ್ಲಿ! ಹಿಂದೂ ಮಹಾಸಾಗರದ ಬೂರ್ಬೋಂ ದ್ವೀಪದಲ್ಲಿ (ಈಗಿನ ರೆಯುನಿಯೋಂ) ರೈತರು ಗುಲಾಬಿಯನ್ನೇ ಹೊಲದ ಬೇಲಿಗೆ ಹಚ್ಚುತ್ತಿದ್ದರು. ಒಂದು ಸಾಲು ಚೀನಾದ್ದು, ಇನ್ನೊಂದು ಪನ್ನೀರು ಇಳಿಸುವ ಡಮಾಸ್ಕ್. ಎರಡರ ನಡುವೆ ತಾನಾಗಿ ಹುಟ್ಟಿದ ಗಿಡವೊಂದನ್ನು 1817ರ ಸುಮಾರಿಗೆ ಬ್ರೆಯೋಂ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಕಂಡು, ಅದರ ಬೀಜಗಳನ್ನು ಫ್ರಾನ್ಸಿಗೆ ಕಳಿಸಿದ. ಆ ಗಿಡಕ್ಕೆ ಎಡ್ವರ್ಡ್ ಎಂದು ಹೆಸರು. ಅದು ಹಿಂದುಸ್ತಾನಕ್ಕೂ ಬಂದು ಹಬ್ಬಿತು. ಕಸಿಗೆ ಬೇರಿನ ಗಿಡವಾಗಿ ನಮ್ಮ ನರ್ಸರಿಗಳಲ್ಲಿ ಬಳಕೆಗೂ ಬಂತು. ನಾನು ಕಂಡ ಜವಾರಿ ಪೊದೆಗಳಲ್ಲಿ ಕೆಲವು ಎಲೆ, ಮುಳ್ಳು, ವಾಸನೆಗಳಲ್ಲಿ ಈ ಎಡ್ವರ್ಡಿನ ಮನೆತನದವೇ ಎನ್ನುವಂತಿವೆ. ನಮ್ಮದು ಎಂದವಳ ಮಾತು ಸುಳ್ಳೆಂದು ನಾನು ಹೇಳಲಾರೆ. ಮೆಣಸಿನಕಾಯಿಯೂ ಹಡಗೇರಿ ಬಂದದ್ದೇ. ಅದಿಲ್ಲದೆ ನಮ್ಮ ರೊಟ್ಟಿಯ ಊಟ ಉಂಟೆ?

1867ರಲ್ಲಿ ಫ್ರಾನ್ಸಿನ ಗಿಯೋ ಎಂಬವನ ತೋಟದಿಂದ 'ಲಾ ಫ್ರಾನ್ಸ್' ಬಂದ ಮೇಲೆ ಉದ್ದ ದಂಟಿನ, ಮೊನಚು ಮೊಗ್ಗಿನ ಹೈಬ್ರಿಡ್ ಟೀ ಗುಲಾಬಿಗಳ ರಾಜ್ಯಭಾರ. ಪೇಟೆಯಿಂದ ಕುಂಡದಲ್ಲಿ ಬರುವವು ಹೆಚ್ಚಾಗಿ ಇವೇ. ಎರೆಭೂಮಿಯಲ್ಲಿ ಇವುಗಳ ಪಾಡು ನೋಡಬೇಕು. ಮಳೆಗೆ ಉಬ್ಬಿದ ಎರೆಮಣ್ಣು ಬೇರಿನ ಉಸಿರು ಕಟ್ಟುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ. ಎರಡು ಬೇಸಿಗೆಗೆ ಮೇಲಿನ ಕಸಿ ಒಣಗುತ್ತದೆ, ಕೆಳಗಿನ ಬೇರಿನ ಗಿಡ ಚಿಗುರುತ್ತದೆ. "ಹೂವಿನ ಬಣ್ಣ ಬದಲಾತು" ಎಂದು ಮನೆಯವರು ಬೆರಗಾಗುತ್ತಾರೆ. ಬಣ್ಣ ಬದಲಾದದ್ದಲ್ಲ, ಆಳು ಬದಲಾದದ್ದು.

ಮಲಪ್ರಭೆಯ ಕಾಲುವೆ ನರಗುಂದಕ್ಕೆ ನೀರು ತಂದಿತು. ಅದರ ಕರದ ಹೊರೆ 1980ರ ಜುಲೈ 21ರ ಗೋಲೀಬಾರಿನವರೆಗೂ ಹೋಯಿತು. ಅದೇ ನೀರು ನಿಂತಲ್ಲಿ ನೆಲ ಸವಳಾಯಿತೆಂಬುದೂ ಅಷ್ಟೇ ನಿಜ. ಸವಳಿಗೆ ಗುಲಾಬಿ ಬಲು ಬೇಗ ಸೋಲುತ್ತದೆ: ನರ ಹಸಿರಾಗಿಯೇ ಉಳಿದು ಎಳೆಯ ಎಲೆ ಹಳದಿಯಾಗುತ್ತದೆ. ಬೋರಿನ ಗಡಸು ನೀರೂ ಇದನ್ನೇ ಮಾಡುತ್ತದೆ.

ಆದ್ದರಿಂದ ಮನೆಯಂಗಳಕ್ಕೆ ಆರಿಸುವವರಿಗೆ ನಾನು ಹೇಳುವುದು ಸ್ವಂತ ಬೇರಿನ ಪೊದೆಯನ್ನೇ. ಮೊಣಕಾಲೆತ್ತರ ಏರಿಯ ಮೇಲೆ ಎರೆಮಣ್ಣಿಗೆ ಮಸಾರಿ, ಮರಳು, ಹಳೆಯ ತಿಪ್ಪೆಗೊಬ್ಬರ ಬೆರೆಸಬೇಕು. ಮುಂಗಾರು ಹಿಡಿದ ಮೇಲೆ ಪೆನ್ಸಿಲ್ ಗಾತ್ರದ, ಗೇಣುದ್ದದ, ಮೂರು ನಾಲ್ಕು ಕಣ್ಣಿನ ಕಡ್ಡಿ ಊರಬೇಕು. ಬೆಳೆದ ಗಿಡವನ್ನು ದಸರೆ ದೀಪಾವಳಿಗಳ ನಡುವೆ ಸವರಿದರೆ ಚಳಿಗಾಲಕ್ಕೆ ಹೂ. ಕಡ್ಡಿಯನ್ನು ಕೊಳ್ಳಬೇಕಾಗಿಲ್ಲ. ಅಂಗಳಕ್ಕೆ ಫರಸಿ ಹಾಸುವ ಮೊದಲೇ ಹೋಗಿ, ಆ ಹಿರಿಯಳನ್ನು ಕೇಳಿದರಾಯಿತು.