ಮನೆ ಬಾಗಿಲಲ್ಲಿ ಮಕ್ಕಳ ಆರೋಗ್ಯ: ಸಮುದಾಯ ನರ್ಸ್ ಆಗುವುದು ಹೇಗೆ?

ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಧರ್ಮಕೇಂದ್ರಗಳಲ್ಲಿ ನರ್ಸಿಂಗ್ ವಿಚಾರ ಕೇಳಿಬರುತ್ತದೆ. ಹೆಚ್ಚಿನವರ ಮನಸ್ಸಿನಲ್ಲಿರುವುದು ನಗರದ ದೊಡ್ಡ ಆಸ್ಪತ್ರೆ ಅಥವಾ ಗಲ್ಫ್. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಳ್ಳಿಯ ಉಪಕೇಂದ್ರದಲ್ಲಿದ್ದು ಮನೆಮನೆಯ ಹಸುಗೂಸುಗಳನ್ನು ಕಾಯುವ ನರ್ಸ್ ಬಗ್ಗೆ ನಾವು ಮಾತನಾಡುವುದು ಕಡಿಮೆ. ಯುವಜನರಿಗೂ ಪಾಲಕರಿಗೂ ಉಪಯೋಗವಾಗಲೆಂದು ಈ ಮಾಹಿತಿ ನೀಡುತ್ತಿದ್ದೇವೆ.

ಕೆಲಸವೇನು?

ಬಯಲುಸೀಮೆಯಲ್ಲಿ 5,000, ಗುಡ್ಡಗಾಡು ಹಾಗೂ ಬುಡಕಟ್ಟು ಪ್ರದೇಶದಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಮಾನದಂಡ. ಗರ್ಭಿಣಿಯರ ತಪಾಸಣೆ ಮತ್ತು ಮಕ್ಕಳಿಗೆ ಲಸಿಕೆ ಇಲ್ಲಿನ ನರ್ಸ್ ಹೊಣೆ. ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಮತ್ತು ಹೆಪಟೈಟಿಸ್-ಬಿ. 6, 10, 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಮೊದಲಾದವು. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಯಲ್ಲಿ ನೋಡಬೇಕು. ಆಕೆಗೆ ಮಾರ್ಗದರ್ಶನ ನೀಡುವುದೂ ಈ ನರ್ಸ್ ಕೆಲಸವೇ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಸಕಾಲದಲ್ಲಿ ಅದನ್ನು ಗುರುತಿಸಿ ವೈದ್ಯರ ಬಳಿ ಕಳುಹಿಸಿದರೆ ಒಂದು ಜೀವ ಉಳಿಯಬಹುದು.

ತರಬೇತಿಯ ದಾರಿಗಳು

* ಎ.ಎನ್.ಎಂ.: 2 ವರ್ಷ. ಪಿಯುಸಿಯಲ್ಲಿ ಯಾವ ವಿಭಾಗವಾದರೂ ಸರಿ. ಮಹಿಳೆಯರಿಗೆ ಮಾತ್ರ. ಉಪಕೇಂದ್ರದ ಸೇವೆಗೆ ನೇರ ದಾರಿ ಇದು.
* ಜಿ.ಎನ್.ಎಂ.: 3 ವರ್ಷ. ಪಿಯುಸಿಯಲ್ಲಿ ಕನಿಷ್ಠ ಶೇ. 40 ಅಂಕ ಬೇಕು, ಇಂಗ್ಲಿಷಿನಲ್ಲಿ ತೇರ್ಗಡೆಯಾಗಿರಬೇಕು.
* ಬಿ.ಎಸ್ಸಿ. ನರ್ಸಿಂಗ್: 4 ವರ್ಷ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ಮಕ್ಕಳ ಆರೋಗ್ಯ ಮತ್ತು ಸಮುದಾಯ ಆರೋಗ್ಯ ಎರಡೂ ಇಲ್ಲಿ ಕಡ್ಡಾಯ ವಿಷಯಗಳು.
* ಪೋಸ್ಟ್ ಬೇಸಿಕ್ ಬಿ.ಎಸ್ಸಿ.: ಜಿ.ಎನ್.ಎಂ. ಮುಗಿಸಿದವರಿಗೆ 2 ವರ್ಷ.
* ಎಂ.ಎಸ್ಸಿ. ನರ್ಸಿಂಗ್: 2 ವರ್ಷ. ಸಮುದಾಯ ಆರೋಗ್ಯ ಅಥವಾ ಮಕ್ಕಳ ಆರೋಗ್ಯದಲ್ಲಿ ವಿಶೇಷ ಅಧ್ಯಯನ ಮಾಡಬಹುದು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಡಿ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳ ನೇಮಕವೂ ನಡೆದಿದೆ. ನರ್ಸಿಂಗ್ ಪದವೀಧರರಿಗೆ ಇದು ಹೊಸ ಅವಕಾಶ.

ಎಚ್ಚರ ಬೇಕು

ಪ್ರವೇಶಕ್ಕೆ ಮುನ್ನ ಸಂಸ್ಥೆಗೆ ಮಾನ್ಯತೆ ಇದೆಯೇ ಎಂದು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಖಚಿತಪಡಿಸಿಕೊಳ್ಳಿ. ಮಾನ್ಯತೆ ಇಲ್ಲದ ಕಡೆ ಓದಿದರೆ ನೋಂದಣಿ ಸಿಗದು. ನೋಂದಣಿ ಇಲ್ಲದೆ ಕೆಲಸವೂ ಸಿಗದು. ಬ್ಯಾಂಕ್ ಸಾಲ ಮಾಡಿ, ಚಿನ್ನ ಅಡವಿಟ್ಟು ಮಗಳನ್ನು ಓದಿಸುವ ಬಡ ಕುಟುಂಬಕ್ಕೆ ಇದು ಸಣ್ಣ ನಷ್ಟವಲ್ಲ. ದಲ್ಲಾಳಿಗಳ ಮಾತಿಗೆ ಮರುಳಾಗದಿರಿ. 2023ರಲ್ಲಿ ಸಂಸತ್ತು ಹೊಸ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಅಂಗೀಕರಿಸಿರುವುದರಿಂದ ಆಯಾ ವರ್ಷದ ನಿಯಮಗಳನ್ನು ತಪ್ಪದೇ ಓದಿ.

ನಮ್ಮ ಪಾತ್ರ

1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಜೆಸುಯಿಟ್ ಗುರು ಆಗಸ್ಟಸ್ ಮುಲ್ಲರ್ ಆಲದ ಮರದ ಕೆಳಗೆ ಬಡವರಿಗೆ ಔಷಧಿ ಕೊಡಲು ತೊಡಗಿದರು. ಅಲ್ಲಿ ಬೆಳೆದ ಸಂಸ್ಥೆಯಲ್ಲಿ ಇಂದು ನರ್ಸಿಂಗ್ ಶಿಕ್ಷಣವೂ ಇದೆ. ರೋಗಿ ಬರುವ ತನಕ ಕಾಯದೆ, ಮಗು ಇರುವಲ್ಲಿಗೇ ಹೋಗುವ ನರ್ಸ್ ಅದೇ ಸೇವೆಯನ್ನು ಮುಂದುವರಿಸುತ್ತಾಳೆ.

ಧರ್ಮಕೇಂದ್ರದ ಪಾಲನಾ ಪರಿಷತ್ತು ಪ್ರತಿ ವರ್ಷ ಒಬ್ಬ ಬಡ ವಿದ್ಯಾರ್ಥಿನಿಯ ಶುಲ್ಕದಲ್ಲಿ ಒಂದು ಪಾಲನ್ನಾದರೂ ಭರಿಸಬಹುದು. ವಾಳೆಯ ಗುರಿಕಾರರು ಲಸಿಕೆ ತಪ್ಪಿದ ಮಕ್ಕಳ ಮಾಹಿತಿಯನ್ನು, ಜಾತಿ ಮತ ನೋಡದೆ, ಉಪಕೇಂದ್ರಕ್ಕೆ ತಿಳಿಸಬಹುದು. ಮಕ್ಕಳನ್ನು ಹತ್ತಿರ ಕರೆದು ಹರಸಿದ ಪ್ರಭುವಿನ ಹಿಂಬಾಲಕರಾದ ನಮಗೆ ಇದು ಹೊರಗಿನ ಕೆಲಸವಲ್ಲ. ಈ ದಾರಿ ಆರಿಸಿಕೊಳ್ಳುವ ಯುವಜನರನ್ನು ದೇವರು ಆಶೀರ್ವದಿಸಲಿ.