ಹೊಳೆಯ ಮೀನು ಕೊಳದಲ್ಲಿ ಮೊಟ್ಟೆಯಿಟ್ಟ ಕಥೆ

ಹರಿಹರ ಸೀಮೆಯ ಉಕ್ಕಡಗಾತ್ರಿಗೆ ಹೋದವರು ತುಂಗಭದ್ರೆಯಲ್ಲಿ ಮಿಂದು ಕರಿಬಸವೇಶ್ವರ ಅಜ್ಜಯ್ಯನ ದರ್ಶನ ಪಡೆಯುವುದು ವಾಡಿಕೆ. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ಆ ಊರಿನ ದಾರಿ ಮುಳುಗುವುದುಂಟು. ಜನರಿಗೆ ಭಯ ತರುವ ಈ ಕೆನ್ನೀರು ಮೀನುಗಳಿಗೆ ಸಂತಾನದ ಕರೆ ಎಂಬುದನ್ನು ನೀವು ಬಲ್ಲಿರಾ?

ಮೀನಿನ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಮೀನಿನ ಜಾತಿ, ಅದಕ್ಕೆ ಹಾಕುವ ಆಹಾರ, ಗಾಳದ ರೀತಿ ಎಲ್ಲವನ್ನೂ ಅಲ್ಲಿ ಹೇಳಿದೆ. ಆದರೆ ಮೀನನ್ನು ಸಾಕುವುದು ಒಂದು ಮಾತು, ಮರಿ ಮಾಡಿಸುವುದು ಇನ್ನೊಂದು. ಕಾಟ್ಲ, ರೋಹು, ಮೃಗಾಲಗಳು ಕೆರೆಯಲ್ಲಿ ಚೆನ್ನಾಗಿ ಕೊಬ್ಬುತ್ತವೆ. ನಿಂತ ನೀರಿನಲ್ಲಿ ಮಾತ್ರ ಮೊಟ್ಟೆಯಿಡವು. ಆದಕಾರಣ ಬಹುಕಾಲ ಗಂಗೆಯಂಥ ನದಿಗಳ ನೆರೆಯಲ್ಲಿ ಮರಿಗಳನ್ನು ಸೋಸಿ ಹಿಡಿದೇ ಕೆರೆಗಳಿಗೆ ಬಿಡಬೇಕಾಗಿತ್ತು.

ಈ ಕಟ್ಟು ಬಿಡಿಸಿದವರು ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ. ಮೀನಿನ ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯಿದೆ. ಮೊಟ್ಟೆಯಿಡುವ ಆಜ್ಞೆ ಹೊರಡುವುದು ಅಲ್ಲಿಂದ. ಅದರ ರಸವನ್ನು ಬೇರೆ ಮೀನಿಗೆ ಚುಚ್ಚುವ ಯತ್ನ ದಕ್ಷಿಣ ಅಮೆರಿಕದಲ್ಲಿ 1930ರ ದಶಕದಲ್ಲೇ ನಡೆದಿತ್ತು. ನಮ್ಮ ಗೆಂಡೆ ಜಾತಿಯಲ್ಲಿ ಅದು ಫಲಿಸಿದ್ದು 1957ರ ಜುಲೈ 10ರಂದು, ಒಡಿಶಾದ ಅಂಗುಲ್‌ನಲ್ಲಿ. ಇಂದಿಗೂ ಆ ದಿನ ರಾಷ್ಟ್ರೀಯ ಮೀನು ಕೃಷಿಕರ ದಿನ. ಸಂಜೆ ಸೂಜಿಮದ್ದು ಕೊಟ್ಟು, ಹೆಣ್ಣು ಗಂಡುಗಳನ್ನು ಕೊಳದಲ್ಲಿ ಕಟ್ಟಿದ ಬಟ್ಟೆಯ ತೊಟ್ಟಿಗೆ ಬಿಟ್ಟರೆ ಬೆಳಗಾಗುವುದರೊಳಗೆ ಮೊಟ್ಟೆ ಸಿದ್ಧ. ಭದ್ರಾ ಅಣೆಕಟ್ಟಿನ ಬುಡದ ಮೀನುಮರಿ ಕೇಂದ್ರದಂಥವು ಇದೇ ವಿದ್ಯೆಯ ಫಲ.

ಎಲ್ಲ ಮೀನೂ ಈ ಉಪಾಯಕ್ಕೆ ಸುಲಭವಾಗಿ ಒಗ್ಗುವುದೆಂದು ತಿಳಿಯಬೇಡಿ. ಆಫ್ರಿಕದಲ್ಲಿ ಶ್ವಾಸಕೋಶದಿಂದ ಉಸಿರಾಡುವ ಮೀನೊಂದಿದೆ. ಜವುಗಿನಲ್ಲಿ ಗೂಡು ತೋಡಿ, ಮೊಟ್ಟೆ ಮರಿಗಳನ್ನು ಗಂಡೇ ಕಾಯುತ್ತದೆ. ಉಗಾಂಡದಲ್ಲಿ ಇದನ್ನು ಸಾಕುವವರು ಮರಿಗಳಿಗಾಗಿ ಬಹುಮಟ್ಟಿಗೆ ಜವುಗನ್ನೇ ನಂಬಿದ್ದಾರೆ. ಸಾಕಣೆ ಬೆಳೆದಷ್ಟೂ ಅಲ್ಲಿನ ಮೀನು ಕರಗುವ ಅಪಾಯವಿದೆ.

ನಮ್ಮ ಹೊಳೆಗೂ ಇದೇ ಪಾಠ. ನೀರಸಸ್ಯ ಮೇಯುವ ಹರಗಿ ಮೀನು ಒಂದು ಕಾಲಕ್ಕೆ ತುಂಗಭದ್ರಾ ಜಲಾಶಯದ ಬಲೆಗೆ ಧಾರಾಳವಾಗಿ ಬೀಳುತ್ತಿತ್ತು, ಬರಬರುತ್ತ ವಿರಳವಾಯಿತು. 2010ರ ದಶಕದಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆಯ ಶಾಖೆಯವರು ಇದಕ್ಕೂ ಸೂಜಿಮದ್ದು ಕೊಟ್ಟು ಮರಿ ಮಾಡಿಸಿದರು. ಸಂತೋಷದ ಸುದ್ದಿಯೇ ಸರಿ. ಆದರೆ ತೊಟ್ಟಿಯಲ್ಲಿ ಹುಟ್ಟಿದ ಮರಿ ಮರಳಿ ಬಾಳಬೇಕಾದುದು ಹೊಳೆಯಲ್ಲಿ. ಹೊಳೆಯಲ್ಲಿ ಶುದ್ಧವಾದ ನೀರು ಹರಿದು, ಕಾಲಕ್ಕೆ ನೆರೆ ಬಂದು, ಮೊಟ್ಟೆಯಿಡುವ ತಿಂಗಳುಗಳಲ್ಲಿ ಬಲೆಗೆ ಬಿಡುವು ದೊರೆತರೆ ಮಾತ್ರ ಆ ವಂಶ ಸೂಜಿಯ ಹಂಗಿಲ್ಲದೆ ಬೆಳೆದೀತು.