ಆಡುವುದು ನಾವು, ಆಡಿಸುವುದು ಯಾರು? ರಾಯ್ ಫ್ರಾನ್ಸಿಸ್ ಎಂಬ ಕೋಚ್‌ನ ಚರಿತ್ರೆ



ಪೋಸ್ಟ್ ಸ್ವಲ್ಪ ಉದ್ದ ಉಂಟು, ಪುರುಸೊತ್ತಲ್ಲಿ ಓದಿ. ಇವತ್ತು ಬರೆಯುತ್ತಿರುವುದು ನಮ್ಮ ದೇಶದವರಲ್ಲದ, ನಮ್ಮೂರಲ್ಲಿ ಹೆಚ್ಚಿನವರು ನೋಡಿಯೂ ಇರದ ಆಟವೊಂದರ ಮನುಷ್ಯನ ಬಗ್ಗೆ. ಹೆಸರು ರಾಯ್ ಫ್ರಾನ್ಸಿಸ್. ಬ್ರಿಟನ್ನಿನ ವೃತ್ತಿಪರ ಕ್ರೀಡೆಯಲ್ಲಿ ಕೋಚ್ ಆದ ಮೊದಲ ಕಪ್ಪು ವ್ಯಕ್ತಿ. ಮಂಗಳೂರಿನ ಕದ್ರಿಯಲ್ಲಿ ಕೂತವನಿಗೆ ಅವರ ಉಸಾಬರಿ ಯಾಕೆ ಅಂತ ಕೇಳುವವರು ಕೊನೆಯವರೆಗೂ ಓದಬೇಕು.

ಮೊದಲು ಆಟದ ಬಗ್ಗೆ ಎರಡು ಮಾತು. ರಗ್ಬಿ ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. ಎದುರಾಳಿಗಳು ಹಿಡಿದು ನೆಲಕ್ಕೆ ಕೆಡವುತ್ತಾರೆ, ಕಬಡ್ಡಿಯಲ್ಲಿ ರೈಡರನ್ನು ಹಿಡಿದ ಹಾಗೆಯೇ. ತಪ್ಪಿಸಿಕೊಂಡು ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಒಂದು 'ಟ್ರೈ'. ಇಂಗ್ಲೆಂಡಿನಲ್ಲಿ ಈ ಆಟ ಶ್ರೀಮಂತರ ಶಾಲೆಗಳಿಂದ ಬಂದದ್ದು. ಆಡಿದ್ದಕ್ಕೆ ದುಡ್ಡು ತೆಗೆದುಕೊಳ್ಳಬಾರದು ಎಂಬುದು ಆ ದೊರೆಗಳ ನಿಯಮ. ಆದರೆ ಉತ್ತರದ ಊರುಗಳಲ್ಲಿ ಆಡುತ್ತಿದ್ದವರು ಕಲ್ಲಿದ್ದಲು ಗಣಿ, ಬಟ್ಟೆ ಗಿರಣಿಗಳ ಕೂಲಿಯವರು. ಪಂದ್ಯಕ್ಕೆ ಹೋದರೆ ಆ ದಿನದ ಕೂಲಿ ಇಲ್ಲ. ಹೋದ ಕೂಲಿಯನ್ನಾದರೂ ತುಂಬಿಕೊಡಿ ಅಂತ ಕೇಳಿದರೆ ಮೇಲಿನವರು ಒಪ್ಪಲಿಲ್ಲ. ಕೊನೆಗೆ 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಉತ್ತರದ ಕ್ಲಬ್ಬುಗಳು ಬೇರೆಯಾದವು. ಅದೇ ಮುಂದೆ 13 ಜನ ಆಡುವ ರಗ್ಬಿ ಲೀಗ್ ಆಯಿತು. ಆಟದ ಹುಟ್ಟಿನಲ್ಲೇ ಕೂಲಿಯ ಪ್ರಶ್ನೆ ಉಂಟು ನೋಡಿ.

ರಾಯ್ ಫ್ರಾನ್ಸಿಸ್ ಹುಟ್ಟಿದ್ದು 1919ರಲ್ಲಿ, ವೇಲ್ಸಿನ ಕಾರ್ಡಿಫ್‌ನಲ್ಲಿ. ಬೆಳೆದದ್ದು ಬ್ರಿನ್ಮಾವರ್ ಎಂಬ ಸಣ್ಣ ಊರಿನ ಸಾಕುಮನೆಯಲ್ಲಿ. ವೇಲ್ಸಿಗೆ ರಗ್ಬಿ ಅಂದರೆ ಪ್ರಾಣ. ಹಾಗಿದ್ದೂ ದೊರೆಗಳ ರಗ್ಬಿಯ ವೇಲ್ಸ್ ತಂಡದಲ್ಲಿ 1980ರ ದಶಕದವರೆಗೆ ಒಬ್ಬ ಕಪ್ಪು ಆಟಗಾರನಿಗೂ ಜಾಗ ಸಿಗಲಿಲ್ಲ. ಹಾಗಾಗಿ ಅಲ್ಲಿನ ಕಪ್ಪು ಹುಡುಗರು ಉತ್ತರಕ್ಕೆ, ಕೂಲಿಯವರ ಲೀಗಿಗೆ ವಲಸೆ ಹೋಗುತ್ತಿದ್ದರು. ಫ್ರಾನ್ಸಿಸ್ ಕೂಡ 1936ರಲ್ಲಿ, 17ನೇ ವಯಸ್ಸಿಗೆ, ವಿಗಾನ್ ಕ್ಲಬ್ಬಿಗೆ ಸೇರಿದರು. ಅಲ್ಲಿಂದ ಬ್ಯಾರೋ, ವಾರಿಂಗ್ಟನ್, 1949ರಲ್ಲಿ ಹಲ್. ಒಟ್ಟು 356 ಪಂದ್ಯಗಳಲ್ಲಿ 229 ಟ್ರೈ. ಮೈದಾನದ ಅಂಚಿನಲ್ಲಿ ಓಡುವ ವಿಂಗರ್ ಆಗಿ ಅವರ ಕಾಲಿನ ವೇಗದ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ.

ತಕರಾರು ಇದ್ದದ್ದು ಬಣ್ಣದ್ದು. 1946ರಲ್ಲಿ ಬ್ರಿಟನ್ ತಂಡ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೊರಟಾಗ ಫ್ರಾನ್ಸಿಸ್ ಹೆಸರನ್ನು ಬಿಟ್ಟರು. ಆಸ್ಟ್ರೇಲಿಯಾದಲ್ಲಿ ಆಗ ವರ್ಣಭೇದ ಬಲವಾಗಿತ್ತು, ಅಲ್ಲಿನವರಿಗೆ ಮುಜುಗರ ಆಗಬಾರದು ಅಂತ ಇವರನ್ನು ಕೈಬಿಟ್ಟರು ಎನ್ನುತ್ತಾರೆ ಚರಿತ್ರೆ ಬರೆದವರು. ಅವಮಾನ ಮಾಡುವವರಿಗೆ ಬೇಜಾರಾಗಬಾರದು ಅಂತ ಅವಮಾನಕ್ಕೆ ಒಳಗಾಗುವವನನ್ನೇ ಮನೆಯಲ್ಲಿ ಕೂರಿಸುವುದು! ನಮಗೆ ಹೊಸ ಕಥೆಯಾ ಇದು ಮಾರಾಯ್ರೆ? ಮರುವರ್ಷ ನ್ಯೂಜಿಲೆಂಡ್ ವಿರುದ್ಧ ಒಂದು ಟೆಸ್ಟ್ ಆಡಲು ಕರೆದರು. ಎರಡು ಟ್ರೈ ಹೊಡೆದರು. ಮತ್ತೆ ಕರೆಯಲೇ ಇಲ್ಲ.

ಅವರ ನಿಜವಾದ ಚರಿತ್ರೆ ಶುರುವಾಗುವುದು ಇಲ್ಲಿಂದ. ಹಲ್‌ನಲ್ಲಿ ಆಡುತ್ತಾ ಆಡುತ್ತಲೇ ಅವರು ತಂಡದ ಕೋಚ್ ಆದರು. ಬಿಳಿಯರ ತಂಡಕ್ಕೆ ಕಪ್ಪು ಕೋಚ್. ಯಾರು ಆಡಬೇಕು, ಯಾರು ಹೊರಗೆ ಕೂರಬೇಕು, ಹೇಗೆ ಓಡಬೇಕು ಅಂತ ತೀರ್ಮಾನ ಮಾಡುವವರು ಈಗ ಅವರು. 1956ರಲ್ಲಿ ಮತ್ತು 1958ರಲ್ಲಿ ಹಲ್ ಚಾಂಪಿಯನ್ ಆಯಿತು. ಆಮೇಲೆ ಲೀಡ್ಸ್ ಕ್ಲಬ್ಬಿಗೆ ಹೋದರು. 1968ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನೀರು ನಿಂತಿದ್ದ ಹುಲ್ಲಿನ ಮೇಲೆ ವೇಕ್‌ಫೀಲ್ಡ್ ತಂಡವನ್ನು 11-10ರಿಂದ ಸೋಲಿಸಿ ಲೀಡ್ಸ್ ಚಾಲೆಂಜ್ ಕಪ್ ಎತ್ತಿತು.

ಗೆದ್ದದ್ದಕ್ಕಿಂತ ಮುಖ್ಯವಾದದ್ದು ಅವರು ಕಲಿಸಿದ ರೀತಿ. ಪಂದ್ಯಗಳನ್ನು ಫಿಲಂನಲ್ಲಿ ತೋರಿಸಿ ತಪ್ಪು ತಿದ್ದುತ್ತಿದ್ದರು. ಪ್ರತಿಯೊಬ್ಬನ ಮೈಕಟ್ಟಿಗೆ ತಕ್ಕ ಬೇರೆ ಬೇರೆ ವ್ಯಾಯಾಮ ಕೊಡುತ್ತಿದ್ದರು. ಆಟಗಾರನ ಮನಸ್ಸು ನೆಟ್ಟಗಿರಬೇಕಾದರೆ ಮನೆಯವರೂ ಸಮಾಧಾನದಿಂದ ಇರಬೇಕು ಅಂತ ಹೆಂಡತಿ ಮಕ್ಕಳನ್ನು ಮೈದಾನಕ್ಕೆ ಕರೆಸಿಕೊಳ್ಳುತ್ತಿದ್ದರು. ಇವತ್ತು ದೊಡ್ಡ ದೊಡ್ಡ ತಂಡಗಳು ಕೋಟಿ ಖರ್ಚು ಮಾಡಿ ಮಾಡುವ ಕೆಲಸಗಳಿವು. ಕಪ್ಪು ಮೈಗೆ ಕಸುವು ಮಾತ್ರ ಇರುತ್ತದೆ, ತಲೆ ಓಡುವುದಿಲ್ಲ ಅನ್ನುತ್ತಿದ್ದ ಕಾಲದಲ್ಲಿ ಆ ಮನುಷ್ಯ ಬದುಕಿದ್ದೇ ತಲೆಯಿಂದ.

ಇನ್ನೊಂದು ಸಂಗತಿ. 1961ರಲ್ಲಿ ಕಾರ್ಡಿಫ್‌ನಿಂದ ಕ್ಲೈವ್ ಸಲಿವನ್ ಎಂಬ ಕಪ್ಪು ಹುಡುಗ ಹಲ್ ತಂಡಕ್ಕೆ ಬಂದಾಗ ಅಲ್ಲಿ ಕೋಚ್ ಆಗಿದ್ದವರು ಫ್ರಾನ್ಸಿಸ್. ಅದೇ ಸಲಿವನ್ 1972ರಲ್ಲಿ ಬ್ರಿಟನ್ ತಂಡದ ಕ್ಯಾಪ್ಟನ್ ಆಗಿ ವಿಶ್ವಕಪ್ ಗೆದ್ದುಕೊಟ್ಟರು. ನಮ್ಮವನೊಬ್ಬ ಸೀಟಿ ಹಿಡಿದು ನಿಂತ ಕಡೆ ಹಿಂದಿನಿಂದ ಬರುವವನಿಗೆ ಬಾಗಿಲು ಅರ್ಧ ತೆರೆದೇ ಇರುತ್ತದೆ.

ಬಾಗಿಲು ಎಲ್ಲಾ ಕಡೆ ತೆರೆಯಲಿಲ್ಲ ಅನ್ನುವುದೂ ನಿಜ. 1969ರಲ್ಲಿ ಆಸ್ಟ್ರೇಲಿಯಾದ ನಾರ್ತ್ ಸಿಡ್ನಿ ತಂಡಕ್ಕೆ ಕೋಚ್ ಆಗಿ ಹೋದರು. ಹಿಂದೆ ಆಟಗಾರನಾಗಿ ಬಿಡದ ದೇಶ. ಜನಾಂಗೀಯ ನಿಂದನೆ ತಿಂದು ಎರಡು ಸೀಸನ್ ಮುಗಿಸಿ ವಾಪಸ್ ಬಂದರು. 1989ರಲ್ಲಿ ತೀರಿಕೊಂಡರು. ಬ್ರಿನ್ಮಾವರ್‌ನಲ್ಲಿ ಅವರ ಪ್ರತಿಮೆ ನಿಂತದ್ದು 2023ರಲ್ಲಿ.

ಈಗ ಕದ್ರಿಗೆ ಬರುವ. ನಾನಿರುವ ಕಡೆ ಕದ್ರಿ ಕಂಬಳ ಅಂತಲೇ ಒಂದು ಜಾಗದ ಹೆಸರು ಉಂಟು. ತುಳುನಾಡಿನ ಹೆಮ್ಮೆಯ ಕ್ರೀಡೆ ಅಂತ ಕಂಬಳದ ವಿಡಿಯೋ ಎಲ್ಲರೂ ಶೇರ್ ಮಾಡುತ್ತಾರೆ. ಕಂಬಳ ಶುರುವಾಗುವ ಮೊದಲು ಕೊರಗರನ್ನು ಕೋಣಗಳ ಹಾಗೆ ಗದ್ದೆಯಲ್ಲಿ ಓಡಿಸುತ್ತಿದ್ದರು ಅನ್ನುವುದನ್ನು ಎಷ್ಟು ಜನ ಶೇರ್ ಮಾಡಿದ್ದೀರಿ? ಅದನ್ನೂ ಸೇರಿಸಿ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬರಬೇಕಾಯಿತು. ಓಡಲು, ಡೋಲು ಬಡಿಯಲು ಕೊರಗರ ಮೈ ಬೇಕು. ಕೋಣದ ಯಜಮಾನ, ತೀರ್ಪುಗಾರ, ಸಮಿತಿಯ ಅಧ್ಯಕ್ಷ ಮಾತ್ರ ಬೇರೆಯವರು.

ಕ್ರಿಕೆಟಿನಲ್ಲೂ ಇದೇ ಕಥೆ. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ ಚಮ್ಮಾರ ಸಮುದಾಯದವರು. ಪುಣೆಯ ಕ್ಲಬ್ಬಿನಲ್ಲಿ ಪಿಚ್ ನೋಡಿಕೊಳ್ಳುವ ಸಂಬಳದ ಕೆಲಸ, ಜೊತೆಗೆ ಬ್ರಿಟಿಷ್ ಅಧಿಕಾರಿಗಳಿಗೆ ಅಭ್ಯಾಸಕ್ಕೆ ಬೌಲಿಂಗ್. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಆದರೆ ಚಹಾ ಮಾತ್ರ ಹೊರಗೆ, ಬೇರೆ ಲೋಟದಲ್ಲಿ. 1911ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರೂ ತಂಡದ ಕ್ಯಾಪ್ಟನ್ ಮಾಡಲಿಲ್ಲ. 1920ರಲ್ಲಿ ಬಾಲೂ ಅವರನ್ನು ಕೈಬಿಟ್ಟು, ತಮ್ಮ ವಿಠ್ಠಲರಿಗೂ ನಾಯಕತ್ವ ತಪ್ಪಿಸಿದಾಗ ವಿಠ್ಠಲ್ ಮತ್ತು ಶಿವರಾಮ್ ಪ್ರತಿಭಟಿಸಿ ತಂಡದಿಂದ ಹೊರಗೆ ನಿಂತರು. 1923ರಲ್ಲಿ ವಿಠ್ಠಲ್ ಕ್ಯಾಪ್ಟನ್ ಆದರು. ಅಣ್ಣನ ವಿಕೆಟ್‌ಗಳಿಂದ ಸಿಗದ ಪಟ್ಟ ತಮ್ಮಂದಿರ ಪ್ರತಿಭಟನೆಯ ನಂತರ ಸಿಕ್ಕಿತು.

ಬಾಲೂ 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತವರು. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಅವರ ರಾಜಕೀಯವನ್ನು ಒಪ್ಪದೆಯೂ ಅವರಿಗಾದ ಅನ್ಯಾಯವನ್ನು ಹೇಳಬಹುದು.

ಫ್ರಾನ್ಸಿಸ್ ನಮಗೆ ಯಾಕೆ ಬೇಕು ಅಂದರೆ ಇದಕ್ಕೇ. ನಮ್ಮ ಹುಡುಗ ಹುಡುಗಿಯರು ಆಡುತ್ತಿಲ್ಲವಾ? ಆಡುತ್ತಿದ್ದಾರೆ. ಕಬಡ್ಡಿ, ವಾಲಿಬಾಲ್, ಓಟ ಎಲ್ಲದರಲ್ಲೂ ಉಂಟು. ನಾನು ಓದಿದ ಕಾಲೇಜಿನಲ್ಲಿ ಅಂಕಣಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದವರೂ ನಮ್ಮವರೇ, ರೈಡ್ ಮಾಡಿ ಪಾಯಿಂಟ್ ತರುತ್ತಿದ್ದವರೂ ನಮ್ಮವರೇ. ಫೋಟೋದಲ್ಲಿ ಕಪ್ ಹಿಡಿದು ನಡುವೆ ಕೂತವರು ಮಾತ್ರ ಬೇರೆ. ಆಟಗಾರನ ಬದುಕು ಮೊಣಕಾಲು ಗಟ್ಟಿ ಇರುವಷ್ಟು ದಿನ, ಹೆಚ್ಚೆಂದರೆ ಹತ್ತು ಹದಿನೈದು ವರ್ಷ. ಆಮೇಲೆ ಮತ್ತೆ ಕೂಲಿ, ಲೋಡಿಂಗ್, ಸೆಕ್ಯುರಿಟಿ ಕೆಲಸ. ಕೋಚ್‌ಗೆ ಹಾಗಲ್ಲ, ಅದು ಸಂಬಳ ಇರುವ ಕೆಲಸ. ಯಾರು ತಂಡಕ್ಕೆ ಬರಬೇಕು ಎನ್ನುವ ಅಧಿಕಾರ ಇರುವ ಕೆಲಸ.

ಹಾಗಾಗಿ ಒಂದು ಮನವಿ. ನಿಮ್ಮ ಕೇರಿಯಲ್ಲಿ ಆಡುವ ಮಕ್ಕಳಿಗೆ ಜೆರ್ಸಿ, ಶೂ ಕೊಡಿಸಿ, ಸಂತೋಷ. ಜೊತೆಗೆ ಆಟ ಬಿಡುವ ವಯಸ್ಸಿಗೆ ಬಂದವರನ್ನು ಹಿಡಿದು ಕೂರಿಸಿ ಮಾತಾಡಿ. ಪಿಯುಸಿ, ಡಿಗ್ರಿ ಅರ್ಧಕ್ಕೆ ಬಿಟ್ಟಿದ್ದರೆ ಮುಗಿಸಲು ಹೇಳಿ. ಬಿಪಿಎಡ್ ಮಾಡಿಸಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೋಚಿಂಗ್ ಡಿಪ್ಲೊಮಾ ಉಂಟು, ಅದಕ್ಕೆ ಅರ್ಜಿ ಹಾಕಿಸಿ. ಟೂರ್ನಮೆಂಟ್ ನಡೆಸುವ ಸಮಿತಿಗಳಲ್ಲಿ, ತೀರ್ಪುಗಾರರ ಪಟ್ಟಿಯಲ್ಲಿ ನಮ್ಮವರ ಹೆಸರು ಎಲ್ಲಿ ಅಂತ ಕೇಳಿ. ಕೇಳದೆ ಯಾರೂ ಕೊಡುವುದಿಲ್ಲ, ವಿಠ್ಠಲ್ ಶಿವರಾಮರಿಗೂ ಕೊಡಲಿಲ್ಲ.

ನಿಮ್ಮೂರಲ್ಲಿ ಹೀಗೆ ಆಡಿ, ಈಗ ಕಲಿಸುತ್ತಿರುವ ನಮ್ಮವರು ಯಾರಾದರೂ ಇದ್ದರೆ ಅವರಿಗೆ ಈ ಪೋಸ್ಟ್ ಓದಿ ಹೇಳಿ.

ಜೈ ಭೀಮ್.